ಲಗತ್ತಿಸಿದ ವಂಶವೃಕ್ಷ

ಹನಗೋಡು
12 ಅಕ್ಟೋಬರ್ 2004

ಶಾಂತಲಾ,

ಪೋಸ್ಟ್‌ಮ್ಯಾನ್ ನಿನ್ನ ಕಾಗದ ಕೊಟ್ಟಾಗ ಹೈಸ್ಕೂಲು ಮೇಷ್ಟರ ಪ್ಯಾಂಟಿಗೆ ಜಿಪ್ ಹಾಕುತ್ತಿದ್ದೆ. ಓದಿ ಮುಗಿಸಿ ಮತ್ತೆ ಮಿಷನ್ ತುಳಿದೆ. ಜಿಪ್ಪು ತಲೆಕೆಳಗಾಗಿ ಕೂತಿತು. ನಾಳೆ ಮೇಷ್ಟರು ಬೈಯುತ್ತಾರೆ, ಬೈಯಲಿ.

ನಾಲ್ಕು ವರ್ಷ ಆ ದೇಶದ ಮುದುಕರ ಹೇಲು ಉಚ್ಚೆ ಬಾಚಿದ ಮೇಲೆ ಈಗ ನೀನು ಅಲ್ಲಿ ಖಾಯಂ ಇರಬಹುದು ಅಂತ ಒಂದು ಮುದ್ರೆ ಒತ್ತಿದ್ದಾರೆ. ಅದು ಅವರ ದೊಡ್ಡತನ ಅಂತ ತಿಳಿಯಬೇಡ. ನೀನು ದುಡಿದು ತೆಗೆದುಕೊಂಡ ಹಕ್ಕು. ಯಾರಿಗೂ ಕೈಮುಗಿಯಬೇಡ.

ಊರಿಗೆ ಬರಲು ರಜೆ ಇಲ್ಲ, ಮದುವೆ ಅಲ್ಲೇ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗಲಿ, ನಾನೇ ಅಲ್ಲಿಗೆ ಬರಬೇಕು ಅಂತ ಬರೆದಿದ್ದೀಯ. ಒಪ್ಪಿದೆ. ಒಪ್ಪದೆ ಏನು? ಹದಿನೈದು ವರ್ಷದಿಂದ ದಲಿತ ಸಂಘದ ಮೈಕು ಹಿಡಿದು ನಾನು ಕೂಗುತ್ತಿರುವುದೇ ಇದನ್ನು. ಪುರೋಹಿತ ಬೇಡ, ವಾಲಗ ಬೇಡ, ಮುಹೂರ್ತ ಬೇಡ, ಗಂಡು ಹೆಣ್ಣಿನ ರುಜು ಸಾಕು. ಕೇರಿಯಲ್ಲಿ ಹನ್ನೊಂದು ಜೋಡಿಗೆ ಹಾಗೆ ಮದುವೆ ಮಾಡಿಸಿದವನು ನಾನು. ಹನ್ನೆರಡನೆಯದು ನಂದೇ ಆಗಲಿ, ಇಂಗ್ಲೆಂಡಿನಲ್ಲೇ ಆಗಲಿ.

ಅಕ್ಕ ಮಾತ್ರ ಮುಖ ಊದಿಸಿಕೊಂಡಿದ್ದಾಳೆ.

“ಅಂಗಂದ್ರೆ ನನ್ ಮಗಳ್ ಮದ್ವೆ ನಾನೇ ನೋಡಂಗಿಲ್ವಾ?” ಅಂದಳು.

“ಫೋಟೋ ಕಳಿಸ್ತೀವಿ ಕಣಕ್ಕ.”

“ಫೋಟೋಗೇ ಧಾರೆ ಎರೀಲಾ? ಬುಡು, ನಿಂಗೇ ಅಂತ ಮಡಗಿದ್ ಕೂಸು. ನೀನುಂಟು ಅವಳುಂಟು.”

ನೀನು ಹುಟ್ಟಿದ ದಿನ ಅಕ್ಕ ನಿನ್ನನ್ನು ನನ್ನ ಮಡಿಲಿಗೆ ಹಾಕಿ “ತಕ್ಕೊಳ್ಲಾ, ಇವ್ಳು ನಿಂಗೇ” ಅಂದಾಗ ನನಗೆ ಒಂಬತ್ತು ವರ್ಷ. ಭಾರ ಅಂತ ಎರಡೇ ನಿಮಿಷಕ್ಕೆ ವಾಪಸ್ ಕೊಟ್ಟೆನಂತೆ. ಈಗಲೂ ಆಡಿಕೊಳ್ಳುತ್ತಾಳೆ.

ಅಂಗಡಿ ಮುಂದೆ ಕೇರಿಯ ದಾಸಯ್ಯ ಬಂದು ಕೂತು, “ಏನ್ಲಾ ಮಂಟಯ್ಯ, ಇಂಗ್ಲೀಸ್ ರಾಣಿಗೆ ಲಂಗ ಒಲಿಯಕೆ ಒಂಟಿದೀಯಂತೆ?” ಅಂದ. “ರಾಣಿ ಲಂಗ ರಾಣಿ ಒಲ್ಕೊಳ್ಳಲಿ, ನಾನು ನನ್ನ ಅಕ್ಕನ ಮಗಳ ಹತ್ರ ಹೋಯ್ತಿದೀನಿ ಕಣ್ಲಾ” ಅಂದೆ.

ನನ್ನ ಸೂಟು ನಾನೇ ಹೊಲಿದುಕೊಳ್ಳುತ್ತಿದ್ದೇನೆ, ಬೂದು ಬಣ್ಣ. ನಿನಗೆ ರವಿಕೆ ಹೊಲಿಯಬೇಕು. ಅಳತೆ ಕಳಿಸು. ಯಾವ ಯಾವ ಕಾಗದಪತ್ರ ಬೇಕು, ಅದನ್ನೂ ಬರೆ.

ಮಂಟಯ್ಯ


ಲೀಡ್ಸ್
31 ಅಕ್ಟೋಬರ್ 2004

ಮಾವ,

ನಿಮ್ಮ ಕಾಗದ ಸಿಕ್ಕಿತು. ಅವ್ವನಿಗೆ ಬೇಸರವಾಗಿದೆ ಅಂತ ಓದಿ ನನಗೂ ಬೇಸರವಾಯಿತು. ಅವಳ ಕಣ್ಣಿನ ಪೊರೆ ಬಲಿತಿದೆಯಾ? ಮೈಸೂರಿಗೆ ಕರೆದುಕೊಂಡು ಹೋಗಿ. ಮುಂದೆ ಹಾಕಬೇಡಿ.

ವೀಸಾಕ್ಕೆ ಬೇಕಾದವು: ನಿಮ್ಮ ಪಾಸ್‌ಪೋರ್ಟು, ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು, ನೀವು ಇದುವರೆಗೆ ಮದುವೆಯಾಗಿಲ್ಲ ಅಂತ ಅಫಿಡವಿಟ್ಟು, ಇಬ್ಬರೂ ಇರುವ ಫೋಟೋಗಳು, ಕಾಗದಗಳು. ನನ್ನ ಕೆಲಸದ ಪತ್ರ, ಮನೆಯ ಪತ್ರ ಬೇರೆ ಕವರಿನಲ್ಲಿ ಕಳಿಸಿದ್ದೇನೆ. ಅರ್ಜಿ ಮದ್ರಾಸಿನಲ್ಲಿ ಕೊಡಬೇಕು. ಅವರೇ ಮಾತಾಡಿಸುತ್ತಾರೆ.

ನೀವು ಬಂದ ಆರು ತಿಂಗಳೊಳಗೆ ಮದುವೆಯಾಗಬೇಕು. ಇಲ್ಲಿ ಮದುವೆಗೆ ಮುಂಚೆ ಹದಿನೈದು ದಿನ ಇಬ್ಬರ ಹೆಸರನ್ನೂ ಕಚೇರಿಯ ಗೋಡೆಗೆ ಅಂಟಿಸಿರುತ್ತಾರೆ. ಯಾರಿಗಾದರೂ ಆಕ್ಷೇಪಣೆ ಇದ್ದರೆ ಹೇಳಬಹುದು.

ಫಾರಂನಲ್ಲಿ ಒಂದು ಕಡೆ, ನಿಮಗೆ ಹೇಗೆ ಪರಿಚಯ, ಮದುವೆಗೆ ಮೊದಲು ಇಬ್ಬರಿಗೂ ಸಂಬಂಧ ಇದೆಯಾ ಅಂತ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ ಮಾವ. ಏನನ್ನೂ ಮುಚ್ಚಬೇಡಿ. ಸುಳ್ಳು ಸಿಕ್ಕಿಬಿದ್ದರೆ ಇಲ್ಲಿ ಬಹಳ ಕಷ್ಟ.

ಆತುರವೇನೂ ಇಲ್ಲ. ನಿಧಾನವಾಗಿ ಮಾಡಿ.

ನನ್ನ ವಾರ್ಡಿನಲ್ಲಿ ಹದಿನೆಂಟು ಮುದುಕರು. ಒಬ್ಬಾಕೆ ದಿನವೂ ನನ್ನ ಕೈಹಿಡಿದು ಅವಳ ತಂಗಿಯ ಹೆಸರಿನಿಂದ ಕರೆಯುತ್ತಾಳೆ. ನಾನು ಹೂಂ ಅನ್ನುತ್ತೇನೆ.

ಶಾಂತಲಾ


ಹನಗೋಡು
5 ಡಿಸೆಂಬರ್ 2004

ಶಾಂತಲಾ,

ಅಳತೆ ಕಳಿಸುವುದನ್ನು ಮರೆತಿದ್ದೀಯ. ಹೋಗಲಿ, ಈ ಸಲ ಕಳಿಸು.

ಫಾರಂ ತುಂಬಿದ್ದಾಯಿತು. ಹುಣಸೂರಿಗೆ ಹೋಗಿ ಬಸವರಾಜುವಿನ ಮನೆಯಲ್ಲಿ ಎರಡು ಭಾನುವಾರ ಕೂತೆವು. ನಿನಗೆ ನೆನಪಿದೆಯಲ್ಲ, ಸಂಘದಲ್ಲಿ ನನ್ನ ಜೊತೆ ಇದ್ದವನು, ಈಗ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾನೆ. ನಾನು ಕನ್ನಡದಲ್ಲಿ ಹೇಳಿದ್ದನ್ನು ಅವನು ಇಂಗ್ಲಿಷಿನಲ್ಲಿ ಬರೆದ.

ಅದರಲ್ಲೊಂದು ಪ್ರಶ್ನೆ ನೋಡಿ ನನಗೆ ಮೈಯುರಿಯಿತು. ನಿಮ್ಮ ಸಂಬಂಧ ನಿಜವಾದದ್ದು ಅನ್ನುವುದಕ್ಕೆ ಪುರಾವೆ ಏನು ಅಂತ. ವೀಸಾಕ್ಕೋಸ್ಕರ ಸುಳ್ಳು ಮದುವೆ ಮಾಡಿಕೊಳ್ಳುವವರು ಇದ್ದಾರಂತೆ, ಅದಕ್ಕೆ ಕೇಳುತ್ತಾರಂತೆ.

“ಪ್ರೇಮಪತ್ರ ಇದ್ರೆ ಲಗತ್ತಿಸು” ಅಂದ ಬಸವರಾಜು.

ನಿನ್ನ ಕಾಗದಗಳ ಕಟ್ಟು ಬಿಚ್ಚಿದೆವು. ಅಕ್ಕನ ಕಣ್ಣು, ಎಮ್ಮೆಯ ಕೆಚ್ಚಲು ಬಾವು, ಸೂರಿನ ಹೆಂಚು. ಬಸವರಾಜು ಬಿದ್ದು ಬಿದ್ದು ನಕ್ಕ. “ಇದೇನ್ ಪ್ರೇಮಪತ್ರನೋ ಪಶುವೈದ್ಯರ ವರದಿನೋ” ಅಂದ. ಅವನಿಗೇನು ಗೊತ್ತು. ನಮ್ಮ ಹುಡುಗಿಯರು ಪ್ರೀತಿಯನ್ನು ಬರೆದು ತೋರಿಸುವವರಲ್ಲ.

ಆಮೇಲೆ ನನಗೆ ಹೊಳೆಯಿತು. ಕಾಗದ, ಫೋಟೋ ಯಾವನು ಬೇಕಾದರೂ ಹುಟ್ಟಿಸಬಹುದು. ನಮ್ಮ ಹತ್ತಿರ ಇರುವ ಪುರಾವೆಯನ್ನು ಯಾರೂ ಹುಟ್ಟಿಸಲಾರರು. ಸರ್ಕಾರದಿಂದಲೇ ವಂಶವೃಕ್ಷ ಮಾಡಿಸಿದೆ!

ತಾಲ್ಲೂಕು ಕಚೇರಿಯ ಗುಮಾಸ್ತ, “ಜಮೀನ್ ಪಾಲಿಗೇನಯ್ಯಾ?” ಅಂದ.

“ಅಲ್ಲ, ಮದುವೆಗೆ.”

“ಮದ್ವೆಗೆ ಯಾರಯ್ಯ ವಂಶವೃಕ್ಷ ಕೇಳೋರು?”

“ಇಂಗ್ಲೆಂಡಿನೋರು.”

ಅವನು ಬರೆಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮೂರನೆಯ ಸಲ ಹೋದಾಗ ಸೀಲು ಬಿತ್ತು. ಮೇಲೆ ಅಪ್ಪ ಅವ್ವ. ಅವರ ಕೆಳಗೆ ಎರಡು ಕೊಂಬೆ, ಚಿಕ್ಕಬೀರಮ್ಮ, ಮಂಟಯ್ಯ. ಚಿಕ್ಕಬೀರಮ್ಮನ ಕೆಳಗೆ ನೀನು. ಬಸವರಾಜು ಬೇಡ ಬೇಡ ಅಂದರೂ ನಿನ್ನ ಹೆಸರಿನಿಂದ ನನ್ನ ಹೆಸರಿಗೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ‘ಮದುವೆ’ ಅಂತ ಬರೆದೆ. ಕುರುಡನಿಗೂ ಕಾಣಬೇಕು.

ಎಲ್ಲವನ್ನೂ ಬರೆಸಿದ್ದೇನೆ. ನೀನು ಹುಟ್ಟಿದ ದಿನದ್ದು, ಭಾವ ತೀರಿಕೊಂಡ ಮೇಲೆ ನಿಮ್ಮಿಬ್ಬರನ್ನೂ ನಮ್ಮ ಮನೆಗೆ ಕರೆತಂದದ್ದು, ನೀನು ಮೈನೆರೆದಾಗ ಸೋದರಮಾವ ಅಂತ ನಾನೇ ಹಸಿರು ಸೊಪ್ಪಿನ ಗುಡ್ಲು ಕಟ್ಟಿ ನಿನ್ನನ್ನು ಕೂರಿಸಿದ್ದು. ಹುಡುಗಿ ದೊಡ್ಡವಳಾದರೆ ಗುಡ್ಲಿಗೆ ಹಾಕುವುದು ತಪ್ಪು ಅಂತ ಆಮೇಲೆ ನಾನೇ ಹತ್ತು ಕಡೆ ಭಾಷಣ ಮಾಡಿದ್ದೇನೆ. ಆದರೂ ಬರೆಸಿದೆ. ಪುರಾವೆ ಪುರಾವೆಯೇ.

“ಇಷ್ಟೊಂದು ಬೇಕೇನೋ?” ಅಂದ ಬಸವರಾಜು.

“ಶಾಂತಲಾ ಹೇಳಿದ್ದಾಳೆ, ಏನೂ ಮುಚ್ಚಬೇಡಿ ಅಂತ” ಅಂದೆ.

ಜನವರಿ ಹತ್ತಕ್ಕೆ ಮದ್ರಾಸು.

ಮಂಟಯ್ಯ


ಲೀಡ್ಸ್
22 ಡಿಸೆಂಬರ್ 2004

ಮಾವ,

ಕಾಗದ ಬಂತು. ವಂಶವೃಕ್ಷದ ವಿಷಯ ಓದಿದೆ. ಗುಡ್ಲಿನದನ್ನೂ ಓದಿದೆ.

ಕೈಹಿಡಿಯುತ್ತಿದ್ದ ಆ ಮುದುಕಿ ಸೋಮವಾರ ಹೋಗಿಬಿಟ್ಟಳು. ಅವಳ ಮಗ ಬಂದು ನನಗೆ ಒಂದು ಡಬ್ಬಿ ಬಿಸ್ಕತ್ತು ಕೊಟ್ಟ. ಮಗನ ಹೆಸರು ಅವಳು ಒಂದು ದಿನವೂ ಹೇಳಿರಲಿಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ಮದ್ರಾಸಿನಲ್ಲಿ ಅವರು ಏನೇ ಹೇಳಿದರೂ ನೀವು ಕೂಗಾಡಬೇಡಿ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರು ನೋಡುವುದು ಕಾನೂನನ್ನು, ನಿಮ್ಮನ್ನಲ್ಲ.

ಅವ್ವನ ಕಣ್ಣಿನ ವಿಷಯ ನೀವು ಬರೆಯಲೇ ಇಲ್ಲ.

ಶಾಂತಲಾ


ಹನಗೋಡು
24 ಜನವರಿ 2005

ಶಾಂತಲಾ,

ಆಗಲಿಲ್ಲ. ತಿರಸ್ಕರಿಸಿದರು.

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ಗಾಜಿನ ಆಚೆ ಒಬ್ಬಳು ಬಿಳಿ ಹುಡುಗಿ. ನಿನ್ನದೇ ವಯಸ್ಸು. ಪಕ್ಕದಲ್ಲಿ ಒಬ್ಬ ತಮಿಳರವನು, ಬೆಂಗಳೂರಿನಲ್ಲಿ ಇದ್ದವನಂತೆ, ಕನ್ನಡದಲ್ಲಿ ಕೇಳಿ ಅವಳಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

“ಹುಡುಗಿ ನಿಮಗೇನಾಗಬೇಕು ಸಾರ್?”

“ಅಕ್ಕನ ಮಗಳು.”

“ಸ್ವಂತ ಅಕ್ಕನಾ, ದೂರದ ಅಕ್ಕನಾ?”

ಅವನು ಆ ಪ್ರಶ್ನೆಯನ್ನು ಎರಡು ಸಲ ಕೇಳಿದ. ಎರಡನೆಯ ಸಲ ಕೇಳುವಾಗ ನನ್ನ ಕಣ್ಣನ್ನೇ ನೋಡಿದ. ಈಗ ಅರ್ಥವಾಗುತ್ತದೆ, ಪಾಪ, ಅವನು ನನಗೊಂದು ದಾರಿ ಬಿಡುತ್ತಿದ್ದ. ನಾನು ಎದೆಯುಬ್ಬಿಸಿ “ಸ್ವಂತ ಅಕ್ಕ ಕಣ್ರೀ, ಒಂದೇ ಹೊಟ್ಟೇಲಿ ಹುಟ್ಟಿದೋರು, ನೋಡಿ ಸೀಲಿದೆ” ಅಂತ ವಂಶವೃಕ್ಷವನ್ನು ಗಾಜಿನ ಕೆಳಗೆ ತೂರಿಸಿದೆ. ಆ ಹುಡುಗಿ ಕೆಂಪು ಗೆರೆಯನ್ನು ಬಹಳ ಹೊತ್ತು ನೋಡಿದಳು. ಮೆಚ್ಚಿಕೊಂಡಳು ಅಂತ ತಿಳಿದೆ. ಹೊರಡುವಾಗ ಅವಳಿಗೆ ನಮಸ್ಕಾರ ಬೇರೆ ಮಾಡಿದೆ.

ಆ ತಮಿಳರವನು ಗೇಟಿನ ತನಕ ಬಂದ. “ಸಾರ್, ನನ್ ಹೆಂಡ್ತೀನೂ ಅಕ್ಕನ ಮಗಳೇ. ಒಳಗೆ ಅದನ್ನ ನಾನ್ ಹೇಳಂಗಿಲ್ಲ” ಅಂದು ಹೊರಟುಹೋದ. ಯಾಕೆ ಹೇಳಿದ ಅಂತ ಬಸ್ಸಿನಲ್ಲಿ ದಾರಿಯುದ್ದಕ್ಕೂ ತಲೆ ಕೆರೆದುಕೊಂಡೆ.

ಮೊನ್ನೆ ಕಾಗದ ಬಂತು. ಬಸವರಾಜು ಓದಿ ಹೇಳಿದ. ಸೋದರಮಾವ, ಅಕ್ಕನ ಮಗಳು ಅವರ ದೇಶದ ಕಾನೂನಿನಲ್ಲಿ ನಿಷೇಧಿತ ರಕ್ತಸಂಬಂಧವಂತೆ. ಅಲ್ಲಿ ಅಂಥ ಮದುವೆ ಮದುವೆಯೇ ಅಲ್ಲವಂತೆ. ಆದ್ದರಿಂದ ಮದುವೆಗಾಗಿ ವೀಸಾ ಇಲ್ಲ.

ನನ್ನ ಅಪ್ಪ ಕಟ್ಟಿಕೊಂಡದ್ದು ಅವನ ಅಕ್ಕನ ಮಗಳನ್ನು. ಹಾಗಾದರೆ ನಾನು ಹುಟ್ಟಿದ್ದೇ ಅಪರಾಧವಾ? ಕೇರಿಯ ಅರ್ಧ ಜನ ಅಪರಾಧಿಗಳಾ? ಇನ್ನೂರು ವರ್ಷ ಈ ನೆಲದಲ್ಲಿ ಕೂತು ಉಂಡವರು. ಆಗ ನಾವು ಯಾರ ಹೊಟ್ಟೆಯಲ್ಲಿ ಹುಟ್ಟಿದೆವು, ಯಾರನ್ನು ಕಟ್ಟಿಕೊಂಡೆವು ಅಂತ ಇವರಿಗೆ ಲಕ್ಷ್ಯ ಇರಲಿಲ್ಲ. ಇವತ್ತು ನಮ್ಮ ಹುಡುಗಿಯರು ಬಂದು ಇವರ ಮುದುಕರನ್ನು ತೊಳೆಯಬೇಕು, ಆದರೆ ಅವರು ಯಾರನ್ನು ಮದುವೆಯಾಗಬೇಕು ಅನ್ನುವುದನ್ನು ಇವರು ಬರೆದಿಟ್ಟಿದ್ದಾರೆ. ಕೆರೆ ನೀರು ಮುಟ್ಟಬೇಡ ಅಂದವರೂ ಕಾನೂನು ಅಂತಲೇ ಅಂದಿದ್ದರು. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವರೂ ಪದ್ಧತಿ ಅಂತಲೇ ಅಂದಿದ್ದರು. ನನಗೆ ಈ ಮಾತು ಹೊಸದಲ್ಲ.

ನೀನು ಬಂದುಬಿಡು. ಹೇಗಾದರೂ ಮಾಡಿ ಒಂದು ವಾರ ರಜೆ ತೆಗೆದುಕೊ. ಇಲ್ಲೇ ಕೇರಿಯಲ್ಲಿ ಹಾರ ಬದಲಾಯಿಸೋಣ. ವೀಸಾ ಆಮೇಲೆ ನೋಡೋಣ.

ಈ ಸುದ್ದಿ ಓದಿ ನೀನು ಅಲ್ಲಿ ಒಬ್ಬಳೇ ಕೂತು ಎಷ್ಟು ಅಳುತ್ತೀಯೋ ಅಂತ ನನಗೆ ಅನ್ನ ಇಳಿಯುತ್ತಿಲ್ಲ.

ಮಂಟಯ್ಯ


ಲೀಡ್ಸ್
12 ಫೆಬ್ರವರಿ 2005

ಮಾವ,

ಅತ್ತದ್ದು ನಿಜ. ವಾರ್ಡಿನ ಬಟ್ಟೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಆದರೆ ಕಾನೂನು ಅಂದಮೇಲೆ ನಾವೇನು ಮಾಡುವುದು? ನಿಮ್ಮದೂ ತಪ್ಪಿಲ್ಲ, ನನ್ನದೂ ಇಲ್ಲ. ಊರಿನಲ್ಲಿ ಮದುವೆಯಾದರೂ ಇಲ್ಲಿನವರು ಒಪ್ಪುತ್ತಾರೆ ಅಂತ ಹೇಳಲಾಗುವುದಿಲ್ಲ. ನೀವು ಅಲ್ಲಿ, ನಾನು ಇಲ್ಲಿ ಆಗಿಬಿಡುತ್ತೇವೆ. ರಜೆಯೂ ಇಲ್ಲ.

ನಿಮಗೆ ಮೂವತ್ತೈದು ದಾಟಿತು. ನನಗಾಗಿ ಇನ್ನೂ ಕಾಯಬೇಡಿ. ಹಿಂದೆ ಪಿರಿಯಾಪಟ್ಟಣದ ಅಂಗನವಾಡಿ ಟೀಚರೊಬ್ಬರು ನಿಮ್ಮ ಭಾಷಣ ಕೇಳಿ ಮನೆಗೇ ಬಂದು ಅವ್ವನ ಹತ್ತಿರ ಮಾತಾಡಿದ್ದರಲ್ಲ. ಅಂಥವರು ಯಾರಾದರೂ ಸಿಕ್ಕರೆ ಒಪ್ಪಿಕೊಳ್ಳಿ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ನಿಜವಾಗಿ ಹೇಳುತ್ತಿದ್ದೇನೆ.

ಇದು ಯಾರ ಕೈಯಲ್ಲೂ ಇಲ್ಲ ಮಾವ. ಇಲ್ಲಿಗೇ ಬಿಡೋಣ.

ಶಾಂತಲಾ


ಹನಗೋಡು
20 ಮಾರ್ಚ್ 2005

ಶಾಂತಲಾ,

ನಿನ್ನ ಕಾಗದ ಅಕ್ಕನಿಗೆ ಓದಿದೆ. “ನೋಡ್ಲಾ, ಒಟ್ಟೇಲಿ ಬೆಂಕಿ ಮಡಗ್ಕೊಂಡು ನಿಂಗ್ ಬ್ಯಾರೆ ಎಣ್ಣು ನೋಡ್ಕೊ ಅಂತಾ ಅವ್ಳೆ” ಅಂತ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನೀನು ತ್ಯಾಗ ಮಾಡಲು ಹೊರಟಿದ್ದೀಯ. ನನಗೆ ಯಾರ ತ್ಯಾಗವೂ ಬೇಡ. ನಮ್ಮ ಹೆಣ್ಣುಮಕ್ಕಳು ಮಾಡಿದ ತ್ಯಾಗ ಸಾಕು.

ಕೆಲಸ ಮಾಡಿ ಮುಗಿಸಿದ್ದೇನೆ. ಕೇಳು.

ಮೇಲ್ಮನವಿಗೆ ಅವಕಾಶವಿತ್ತು. ಮೈಸೂರಿನಲ್ಲಿ ವೀಸಾ ಕೆಲಸ ಮಾಡಿಸುವ ಒಬ್ಬ ಏಜೆಂಟನನ್ನು ಹಿಡಿದೆ. ಅವನು ಹೇಳಿದ್ದಿಷ್ಟು. ರಕ್ತಸಂಬಂಧ ಇದ್ದರೆ ತಾನೇ ನಿಷೇಧ? ನಿಮ್ಮ ಅಕ್ಕ ನಿಮ್ಮ ತಂದೆ ತಾಯಿಗೆ ಹುಟ್ಟಿದವಳಲ್ಲ, ಸಾಕಿಕೊಂಡವಳು ಅಂತ ಪ್ರಮಾಣಪತ್ರ ಮಾಡಿಸಿ. ಹಳ್ಳಿಯಲ್ಲಿ ಸಾಕಿದವಳನ್ನೂ ವಂಶವೃಕ್ಷದಲ್ಲಿ ಬರೆಯುತ್ತಾರೆ, ಅದಕ್ಕೇ ಗೊಂದಲವಾಯಿತು ಅನ್ನಿ. ಅಕ್ಕನಿಗೆ ಜನನ ಪತ್ರ ಇಲ್ಲ, ಸ್ಕೂಲಿನ ದಾಖಲೆ ಇಲ್ಲ. ಇಲ್ಲ ಅನ್ನುವುದಕ್ಕೆ ಯಾರ ಹತ್ತಿರವೂ ಆಧಾರ ಇಲ್ಲ.

ಸುಳ್ಳು ಜಾತಿ ಪ್ರಮಾಣಪತ್ರ ತಂದು ನಮ್ಮ ಹುಡುಗನ ಕೆಲಸ ಕಿತ್ತುಕೊಂಡವನ ವಿರುದ್ಧ ಒಂಬತ್ತು ದಿನ ಧರಣಿ ಕೂತವನು ನಾನು. ಅದೇ ನಾನು ಏಜೆಂಟ್ ಟೈಪ್ ಮಾಡಿಸಿದ ಹಾಳೆ ಹಿಡಿದು ಮನೆಗೆ ಬಂದೆ. ಬಸವರಾಜುಗೆ ಹೇಳಲಿಲ್ಲ. ನಿನಗೆ ಮಾತ್ರ ಹೇಳುತ್ತಿದ್ದೇನೆ.

“ಓದ್ಲಾ, ಏನ್ ಬರ್ಸಿದೀಯ” ಅಂದಳು ಅಕ್ಕ.

ಓದಿದೆ. ಚಿಕ್ಕಬೀರಮ್ಮನಾದ ನಾನು ಮೂರು ತಿಂಗಳ ಕೂಸಾಗಿದ್ದಾಗ ಹುಣಸೂರು ಸಂತೆಯಲ್ಲಿ ಅನಾಥಳಾಗಿ ಸಿಕ್ಕಿ, ಮಂಟಯ್ಯನ ತಂದೆ ತಾಯಿ ನನ್ನನ್ನು ಸಾಕಿಕೊಂಡರೆಂದೂ, ಅವರಿಗೂ ನನಗೂ ರಕ್ತಸಂಬಂಧ ಇರುವುದಿಲ್ಲವೆಂದೂ.

ಅಕ್ಕ ಮೊದಲು ನಕ್ಕಳು. “ಸಂತೇಲಾ? ಸೊಪ್ಪಿನ್ ಸಾಲಲ್ಲೋ, ಕುರಿ ಸಾಲಲ್ಲೋ?”

“ಕಾಗದದಲ್ಲಿ ಮಾತ್ರ ಕಣಕ್ಕ.”

“ಅಂಗಾರೆ ನಮ್ಮವ್ವ ನನ್ನ ಎತ್ತಿಲ್ಲ ಅನ್ನು.”

ನಾನು ಹಾಳೆಯನ್ನು ಮಡಚಿದೆ.

“ನಿನ್ ಎರಿಗೇಲಿ ನಮ್ಮವ್ವ ಸತ್ತಾಗ ಎಂಟೊರ್ಸದೋಳು ನಾನು, ಮೇಕೆ ಆಲ್ ಕುಡ್ಸಿ ಸಾಕ್ದೆ ಕಣ್ಲಾ ನಿನ್ನ. ಈಗ ಯಾವಳೋ ಬಂದ್ ಸಾಕ್ದಂಗೆ ಆಯ್ತಲ್ಲ.”

“ಬೇಡ ಅಂದ್ರೆ ಹರಿದು ಹಾಕ್ತೀನಿ ಅಕ್ಕ.”

“ಮಗಿ ಅಲ್ಲಿ ಒಬ್ಳೇ ಅಳ್ತಾ ಅವ್ಳೆ ಅಂತೀಯ. ತತ್ತಾ, ಒತ್ತಿ ಬುಡ್ತೀನಿ” ಅಂತ ಅವಳೇ ಹೆಬ್ಬೆಟ್ಟು ಚಾಚಿದಳು. ನಾನು ಮಸಿ ಹಚ್ಚಿದೆ. ಆಮೇಲೆ ಬಹಳ ಹೊತ್ತು ಬಚ್ಚಲಲ್ಲಿ ಬೆರಳು ಉಜ್ಜುತ್ತಿದ್ದಳು.

ಕಳಿಸಿದ್ದಾಯಿತು. ನೀನು ಒಂದೇ ಕೆಲಸ ಮಾಡಬೇಕು. ಅಲ್ಲಿನವರು ಕೇಳಿದರೆ “ನಮ್ಮವ್ವ ಸಾಕುಮಗಳು” ಅಂತ ಹೇಳು. ಒಂದು ವಾಕ್ಯ. ಅಷ್ಟೇ.

ಅಳತೆ ಕಳಿಸಲಿಲ್ಲ. ಅಕ್ಕನ ಅಳತೆಗೆ ಒಂದು ಅಂಗುಲ ಬಿಟ್ಟು ರವಿಕೆ ಹೊಲಿದಿಟ್ಟಿದ್ದೇನೆ.

ಮಂಟಯ್ಯ


ಲೀಡ್ಸ್
5 ಏಪ್ರಿಲ್ 2005

ಮಾವ,

ಈ ಕಾಗದ ಅವ್ವನಿಗೆ ಓದಬೇಡಿ. ನೀವೊಬ್ಬರೇ ಇರುವಾಗ ಓದಿ. ಇಷ್ಟು ದಿನ ನೀವು ಎಲ್ಲ ಕಾಗದವನ್ನೂ ಅವ್ವನೆದುರು ಓದುತ್ತೀರಿ ಅನ್ನುವುದನ್ನೇ ನೆಪ ಮಾಡಿಕೊಂಡು ನಾನು ಬರೆಯದೆ ಉಳಿದೆ.

ನನಗೆ ಈ ಮದುವೆ ಬೇಡ ಮಾವ.

ಈ ಸಾಲನ್ನು ಬರೆಯಲು ಹದಿಮೂರು ವರ್ಷ ಬೇಕಾಯಿತು. ಇನ್ನು ಉಳಿದದ್ದನ್ನೂ ಬರೆಯುತ್ತೇನೆ.

ಇಲ್ಲಿನ ಕಾನೂನು ನನಗೆ ಮೊದಲೇ ಗೊತ್ತಿತ್ತು. ಹೋದ ವರ್ಷ ಮೇ ತಿಂಗಳಲ್ಲಿ ಜೊತೆಯ ನರ್ಸೊಬ್ಬಳ ಮದುವೆಗೆ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆ. ಅಲ್ಲಿ ಒಂದು ಸಣ್ಣ ಹಾಳೆ ಇತ್ತು, ಯಾರು ಯಾರನ್ನು ಮದುವೆಯಾಗುವಂತಿಲ್ಲ ಅಂತ. ತಂದೆ, ಮಗ, ಅಣ್ಣ, ತಮ್ಮ. ಅದರ ಕೆಳಗೆ ತಾಯಿಯ ಅಣ್ಣ ತಮ್ಮಂದಿರು. ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಬಸ್ಸಿನಲ್ಲಿ ಕೂತು ಒಬ್ಬಳೇ ನಕ್ಕೆ. ಎದುರಿಗಿದ್ದ ಹೆಂಗಸು ಎದ್ದು ಬೇರೆ ಕಡೆ ಕೂತಳು.

ರಜೆ ಇಲ್ಲ ಅಂದದ್ದು ಸುಳ್ಳು. ಐದು ವಾರ ಇತ್ತು. ಮದುವೆ ಇಲ್ಲೇ ಆಗಲಿ ಅಂದದ್ದು ಅದು ಇಲ್ಲಿ ಆಗುವುದಿಲ್ಲ ಅಂತ ಗೊತ್ತಿದ್ದುದರಿಂದ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಅಂದದ್ದೂ ಅದಕ್ಕೇ. ನೀವು ವಂಶವೃಕ್ಷ ಮಾಡಿಸುತ್ತೀರಿ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ. ಕೆಂಪು ಗೆರೆಯ ವಿಷಯ ಓದಿದ ದಿನ ಹೇಳಿಬಿಡಬೇಕಿತ್ತು. ಮುದುಕಿ ಸತ್ತದ್ದನ್ನು ಬರೆದು ಕವರು ಅಂಟಿಸಿದೆ. ಬಟ್ಟೆ ಕೋಣೆಯಲ್ಲಿ ಅತ್ತದ್ದು ವೀಸಾ ಆಗಲಿಲ್ಲ ಅಂತ ಅಲ್ಲ. ಬಿಡುಗಡೆ ಆಯಿತು ಅಂತ, ಮತ್ತು ಅದು ಹೀಗೆ ಆಯಿತಲ್ಲ ಅಂತ.

ನೀವು ಫಾರಂನಲ್ಲಿ ಗುಡ್ಲಿನ ವಿಷಯ ಬರೆಸಿದಿರಿ. ನಾನು ಅದರೊಳಗೆ ಕೂತಿದ್ದೆ. ನನಗೆ ಹದಿಮೂರು. ನೀವು ಹೊರಗೆ ಅತ್ತಿಸೊಪ್ಪು ಕಟ್ಟುತ್ತಿದ್ದಿರಿ. ಕೇರಿಯ ಹೆಂಗಸರು ಬಗ್ಗಿ ನೋಡಿ, “ಗಂಡನೇ ಕಟ್ಟಿದ್ ಗುಡ್ಲು ಕಣಮ್ಮಿ, ಬಿಗಿಯಾಗೈತಾ?” ಅಂತ ನಗಾಡಿದರು. ನೀವೂ ನಕ್ಕಿರಿ, ನನಗೆ ಕೇಳಿಸಿತು. ಅದರ ಹಿಂದಿನ ವಾರದ ತನಕ ಅವ್ವ ಕೂಲಿಗೆ ಹೋದಾಗ ಸ್ಕೂಲಿಗೆ ನನ್ನ ಜಡೆ ಹಾಕುತ್ತಿದ್ದವರು ನೀವು. ಆ ದಿನದಿಂದ ಮುಟ್ಟಲಿಲ್ಲ. ಅಪ್ಪ ಸತ್ತಾಗ ನನಗೆ ತಿಳಿವಳಿಕೆ ಇರಲಿಲ್ಲ. ಆ ದಿನ ಇತ್ತು.

ಬೇರೆ ಯಾರೂ ಇಲ್ಲ ನನಗೆ. ಹಾಗೆ ಯೋಚಿಸಬೇಡಿ. ನೀವು ಕುಡುಕರೋ ಕೇಡಿಗರೋ ಆಗಿದ್ದರೆ ಎಂದೋ ಹೇಳಿಬಿಡುತ್ತಿದ್ದೆ. ಹಾಸ್ಟೆಲಿನಲ್ಲಿ ಹುಳದ ಅನ್ನ ಹಾಕಿದಾಗ ವಾರ್ಡನ್ ಎದುರು ತಟ್ಟೆ ಇಟ್ಟು ಮಾತಾಡು ಅಂತ ಕಲಿಸಿದವರು ನೀವು. ಮಾತಾಡಿದೆ. ಎಲ್ಲರೆದುರೂ ಮಾತಾಡಿದೆ. ನಿಮ್ಮೆದುರು ಬಂದಾಗ ನನಗೆ ಬಾಯಿ ಬರಲಿಲ್ಲ. ಕೊನೆಗೆ ನನ್ನ ‘ಬೇಡ’ವನ್ನು ಬಿಳಿಯರ ಕಾನೂನಿನ ಬಾಯಲ್ಲಿ ಹೇಳಿಸಿದೆ. ಅದರ ನಾಚಿಕೆ ನನಗಿದೆ.

ಅದು ಅವ್ವನನ್ನು ಸಂತೆಯಲ್ಲಿ ಸಿಕ್ಕವಳನ್ನಾಗಿ ಮಾಡುತ್ತದೆ ಅಂತ ಗೊತ್ತಿರಲಿಲ್ಲ.

ಈಗ ಮನವಿ ನೋಡುವ ಕಚೇರಿಯಿಂದ ನನಗೂ ಪತ್ರ ಬಂದಿದೆ. ತಾಯಿಯ ಹುಟ್ಟಿನ ಬಗ್ಗೆ ತಿಳಿದದ್ದನ್ನು ಬರೆದು ಸಹಿ ಮಾಡಿ ಕಳಿಸಿ ಅಂತ. ಅವಳು ಸಾಕುಮಗಳು ಅಂತ ಬರೆದರೆ ನಿಮಗೆ ವೀಸಾ ಸಿಕ್ಕರೂ ಸಿಗಬಹುದು, ನಾನು ಮದುವೆಯಾಗಬೇಕು. ನಿಜ ಬರೆದರೆ ಅವ್ವ ಸುಳ್ಳು ಪ್ರಮಾಣ ಮಾಡಿದವಳಾಗುತ್ತಾಳೆ. ಹಾಳೆಯನ್ನು ಮೇಜಿನ ಮೇಲೆ ಇಟ್ಟುಕೊಂಡು ದಿನಾ ನೋಡುತ್ತಿದ್ದೇನೆ. ನೀವೇ ಮನವಿಯನ್ನು ವಾಪಸ್ ತೆಗೆದುಕೊಂಡರೆ ಮಾತ್ರ ನಾನು ಏನನ್ನೂ ಬರೆಯಬೇಕಾಗಿಲ್ಲ.

ತೆಗೆದುಕೊಳ್ಳಿ ಮಾವ.

ಶಾಂತಲಾ


ಹನಗೋಡು
8 ಜೂನ್ 2005

ಶಾಂತಲಾ,

ನಿನ್ನ ಕಾಗದ ಏಪ್ರಿಲ್ ಹದಿನಾರಕ್ಕೇ ಬಂದಿತ್ತು. ಉತ್ತರ ಬರೆದು ನಾಲ್ಕು ಸಲ ಹರಿದೆ. ಎಲ್ಲದರಲ್ಲೂ ಬೈಗುಳವೇ ಇತ್ತು.

ಈಗಲೂ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ. ಗಾಜಿನ ಮುಂದೆ ನಿಂತು ಎದೆಯುಬ್ಬಿಸುತ್ತಿದ್ದವನನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ. ನೀನು ಅಲ್ಲಿ ಕೂತು ಅವನನ್ನು ನೋಡುತ್ತಿದ್ದೆ, ಎಲ್ಲ ಗೊತ್ತಿದ್ದೂ. ಆದರೆ ನಿನಗೆ ಬೈಯಲು ಕೂತಾಗಲೆಲ್ಲ ಒಂದೇ ಕಡೆ ಬಂದು ನಿಲ್ಲುತ್ತೇನೆ. ಹನ್ನೊಂದು ಜೋಡಿಗೆ ಮದುವೆ ಮಾಡಿಸುವ ಮೊದಲು ಹನ್ನೊಂದು ಹುಡುಗಿಯರನ್ನೂ ಪಕ್ಕಕ್ಕೆ ಕರೆದು, “ನಿಂಗೆ ಒಪ್ಗೇನಾ ತಾಯಿ, ಯಾರಾದ್ರೂ ಬಲವಂತ ಮಾಡವ್ರಾ?” ಅಂತ ಕೇಳಿದ್ದೇನೆ. ಅದು ನಮ್ಮ ಸಂಘದ ಮೊದಲ ನಿಯಮ. ನಾನೇ ಬರೆದದ್ದು. ನಿನ್ನನ್ನು ಕೇಳಬೇಕು ಅಂತ ಒಂದು ದಿನವೂ ಹೊಳೆಯಲಿಲ್ಲ. ನಮ್ಮದೇ ಕೂಸು ಅನ್ನಿಸಿತ್ತು.

ಗುಡ್ಲಿನ ದಿನ ನಾನು ನಕ್ಕೆನಾ? ನೆನಪಿಲ್ಲ. ನಕ್ಕಿರಬೇಕು.

ಬಸವರಾಜುಗೆ ಎಲ್ಲವನ್ನೂ ಹೇಳಿದೆ. ಅಫಿಡವಿಟ್ಟಿನ ವಿಷಯಕ್ಕೆ ಅವನು ನನ್ನ ಜೊತೆ ಈಗ ಸರಿಯಾಗಿ ಮಾತಾಡುತ್ತಿಲ್ಲ. ಆದರೂ ಮನವಿ ವಾಪಸ್ ತೆಗೆದುಕೊಳ್ಳುವ ಪತ್ರ ಬರೆದುಕೊಟ್ಟ. ಕಾರಣ ಏನಂತ ಹಾಕಲಿ ಅಂದ. ಹುಡುಗಿಯನ್ನು ನಾವು ಕೇಳಿರಲಿಲ್ಲ, ಈಗ ಅವಳು ಬೇಡ ಅಂದಿದ್ದಾಳೆ ಅಂತ ಹಾಕು ಅಂದೆ. ಅವನು ಇಂಗ್ಲಿಷಿನಲ್ಲಿ ‘ವೈಯಕ್ತಿಕ ಕಾರಣ’ ಅಂತ ಟೈಪ್ ಮಾಡಿಸಿದ. ಅಷ್ಟಕ್ಕೇ ರುಜು ಹಾಕಿದೆ. ಮನವಿ ಮುಗಿದಿದೆ ಅಂತ ಹೋದ ವಾರ ಪತ್ರ ಬಂತು. ನಿನ್ನ ಹಾಳೆಯನ್ನು ನೀನು ಹರಿದು ಹಾಕಬಹುದು.

ನಿನ್ನ ಕಾಗದವನ್ನು ಅಕ್ಕನಿಗೆ ಓದಿದೆ. ಓದಬೇಡಿ ಅಂತ ನೀನು ಬರೆದಿದ್ದೆ. ಒಂಬತ್ತು ದಿನ ಇಟ್ಟುಕೊಂಡಿದ್ದೆ. ಅವಳು ದಿನಾ “ಕಾಗ್ದ ಬಂತಾ?” ಅಂತ ಕೇಳುತ್ತಿದ್ದಳು. ಇನ್ನೊಂದು ಸುಳ್ಳು ನನ್ನಿಂದ ಆಗಲಿಲ್ಲ. ಮೊದಲಿಂದ ಕೊನೆಯ ತನಕ ಓದಿದೆ. ಜಡೆಯ ಸಾಲನ್ನು ಎರಡು ಸಲ ಓದಿದೆ. ಅವಳು ಮೊರದಲ್ಲಿ ಹುರುಳಿ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ.

“ಬ್ಯಾಡ ಅಂದ್ಲಾ?” ಅಂದಳು.

“ಅಂದ್ಲು.”

“ಅಂಗಾರೆ ಅದ್ಯಾಕೆ ಬೇಕು ಇನ್ನ? ನನ್ ಎಬ್ಬೆಟ್ಟು ವಾಪಸ್ ತಕ್ಕಂಬಾ ಓಗು.”

ಏಜೆಂಟನ ಹತ್ತಿರ ಹೋದೆ. ಅವನು ಅಂಗಡಿ ಬದಲಾಯಿಸಿದ್ದಾನೆ. ಮದ್ರಾಸಿಗೆ ಬಸವರಾಜು ಕೈಯಲ್ಲಿ ಎರಡು ಕಾಗದ ಹಾಕಿಸಿದೆ. ಸಲ್ಲಿಸಿದ ದಾಖಲೆಗಳು ಕಡತದಲ್ಲೇ ಇರುತ್ತವೆ, ಹಿಂದಿರುಗಿಸುವ ಪದ್ಧತಿ ಇಲ್ಲ ಅಂತ ಉತ್ತರ ಬಂತು. ಎಷ್ಟು ವರ್ಷ ಇರುತ್ತವೆ ಅಂತಲೂ ಬರೆದಿಲ್ಲ. ಧರಣಿ ಕೂರೋಣ ಅಂದರೆ ಯಾವ ಬಾಗಿಲ ಮುಂದೆ ಕೂರಲಿ? ಆ ಹಾಳೆ ಈಗ ನಿನ್ನ ದೇಶದಲ್ಲಿ ಇದೆಯೋ, ಇಲ್ಲೇ ಇದೆಯೋ ನನಗೆ ತಿಳಿಯದು. ನಿನಗೆ ಏನಾದರೂ ಸಾಧ್ಯವಾ? ಕೇಳಿ ನೋಡು. ಆಗುವುದಿಲ್ಲ ಅಂತ ನನಗೂ ಗೊತ್ತು.

ಅಕ್ಕನಿಗೆ ಇದನ್ನು ಹೇಗೆ ತಿಳಿಸಲಿ. ಕಾಗದ ಓದುವವನು ನಾನು, ಅವಳಿಗೆ ಅದು ಬರೀ ಹಾಳೆ ಅಂತ ನಾನೇ ಹೇಳಿದ್ದೆ. ಬರೀ ಹಾಳೆಯಾದರೆ ತಂದುಕೊಡು ಅನ್ನುತ್ತಾಳೆ. ದಿನಾ ಸಂಜೆ ನಾನು ಅಂಗಡಿಯಿಂದ ಬರುವುದನ್ನೇ ಕಾದಿರುತ್ತಾಳೆ.

ಇವತ್ತೂ ಕೇಳಿದಳು, “ಬಂತಾ?”

“ಇಲ್ಲ ಕಣಕ್ಕ” ಅಂದೆ.

ಅಕ್ಕ ಅಂದದ್ದಕ್ಕೆ ಅವಳು ಓಗೊಡಲಿಲ್ಲ.

ಮಂಟಯ್ಯ